ಸೆನ್ಸರ್ ಹೋಗಿದೆಯಾ, ವೈರ್ ಹೋಗಿದೆಯಾ? ಚೆಕ್ ಎಂಜಿನ್ ಲೈಟಿನ ಕಥೆ

ಬಾಗಲಕೋಟೆಯಿಂದ ಮಾತಾಡ್ತಿದ್ದೀನಿ.

ಇತಿಹಾಸದ ಎಪಿಸೋಡ್ ಅಂದ್ರೆ ನಮ್ಮ ಜಿಲ್ಲೆಯವರು ಚಾಲುಕ್ಯರಿಂದಲೇ ಶುರು ಮಾಡ್ತಾರೆ ಅಂತ ನಿಮಗೂ ಗೊತ್ತು. ಇವತ್ತು ಪುಲಕೇಶಿಗೆ ರಜೆ. ಇವತ್ತಿನ ಕಥೆ ಒಂದು ಸಣ್ಣ ದೀಪದ್ದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಬಣ್ಣದಲ್ಲಿ ಎಂಜಿನ್ ಚಿತ್ರ ಇರುತ್ತಲ್ಲ, ಚೆಕ್ ಎಂಜಿನ್ ಲೈಟ್, ಅದರದ್ದು.

ಈ ಲೈಟ್ ಬಂದಾಗ ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತೆ? ಗ್ಯಾರೇಜಿಗೆ ಹೋಗ್ತೀವಿ. ಸ್ಕ್ಯಾನರ್ ಹಚ್ಚುತ್ತಾರೆ. ಪರದೆ ಮೇಲೆ ಒಂದು ಸೆನ್ಸರ್ ಹೆಸರು ಬರುತ್ತೆ. "ಸೆನ್ಸರ್ ಹೋಗೈತ್ರಿ, ಚೇಂಜ್ ಮಾಡಬೇಕು" ಅಂತಾರೆ. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸ್ತೀವಿ. ನಾಲ್ಕು ದಿನ ಬಿಟ್ಟು ಅದೇ ಲೈಟ್, ಅದೇ ಕೋಡ್. ಆಮೇಲೆ ಇನ್ನೊಂದು ಸೆನ್ಸರ್. ಬಾಡಿಗೆ ಕಾರು ಓಡಿಸೋ ಹುಡುಗನಿಗೆ ಇದು ಬರೀ ತಲೆನೋವಲ್ಲ, ಆ ತಿಂಗಳ ಇಎಂಐ.

ಹಂಗಾದ್ರೆ ಸ್ಕ್ಯಾನರ್ ಸುಳ್ಳು ಹೇಳ್ತಾ? ಇಲ್ಲ. ಸ್ಕ್ಯಾನರ್ ಹೇಳಿದ್ದನ್ನ ನಾವು ತಪ್ಪಾಗಿ ಓದ್ತೀವಿ. ಯಾಕೆ ಅಂತ ತಿಳೀಬೇಕಾದ್ರೆ ಈ ಲೈಟ್ ಯಾರಿಗೋಸ್ಕರ ಹುಟ್ಟಿತು ಅಂತ ನೋಡಬೇಕು. ಮೊದಲೇ ಹೇಳಿಬಿಡ್ತೀನಿ: ಅದು ಹುಟ್ಟಿದ್ದು ಡ್ರೈವರನಿಗೋಸ್ಕರ ಅಲ್ಲ, ಮಿಸ್ತ್ರಿಗೋಸ್ಕರಾನೂ ಅಲ್ಲ. ಗಾಳಿಗೋಸ್ಕರ.

ಕಿವಿಯೇ ಸ್ಕ್ಯಾನರ್ ಆಗಿದ್ದ ಕಾಲ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರಾ ಜೀಪು ಓಡ್ತಿದ್ದ ಕಾಲ. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು. ಅದರಲ್ಲೂ ಕಾರ್ಬ್ಯುರೇಟರೇ ಇತ್ತು. ಪೆಟ್ರೋಲು, ಗಾಳಿ ಎಷ್ಟೆಷ್ಟು ಬೆರೀಬೇಕು ಅಂತ ನಿರ್ಧಾರ ಮಾಡ್ತಿದ್ದದ್ದು ಕಂಪ್ಯೂಟರ್ ಅಲ್ಲ. ಜೆಟ್ ಅಂತ ಕರೆಯೋ ಸಣ್ಣ ತೂತು ಮತ್ತು ಒಂದೆರಡು ಸ್ಕ್ರೂ.

ಆಗ ಮಿಸ್ತ್ರಿ ಎಂಜಿನ್ ಹೆಂಗ ಪರೀಕ್ಷೆ ಮಾಡ್ತಿದ್ದ? ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲೆ, ಹಿಡಿ ಕಿವಿ ಹತ್ತಿರ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟಂಗೆ. ಯಾವ ಸಿಲಿಂಡರ್ ಮಿಸ್ಸಿಂಗ್ ಹೊಡೀತೈತಿ ಅಂತ ನೋಡೋಕೆ ಪ್ಲಗ್ ವೈರ್ ಒಂದೊಂದೇ ತೆಗೀತಿದ್ದ. ಯಾವುದನ್ನ ತೆಗೆದ್ರೆ ಸದ್ದು ಬದಲಾಗಲ್ವೋ ಅಲ್ಲೇ ರೋಗ. ಆಮೇಲೆ ಪ್ಲಗ್ ಬಿಚ್ಚಿ ತುದಿ ನೋಡ್ತಿದ್ದ. ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ತಿಳಿ ಕಂದು ಬಣ್ಣ ಇದ್ರೆ ಎಲ್ಲಾ ಸರಿ.

ಆ ಪ್ಲಗ್ಗಿನ ಮೇಲೆ ಬಹಳ ಸಲ ಮೈಕೋ ಅಂತ ಬರೆದಿರ್ತಿತ್ತು. ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು. ಆಡುಗೋಡಿಯ ಆ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ದೇಶಕ್ಕೆಲ್ಲ ಹೋಗ್ತಿದ್ವು. ಜರ್ಮನಿಯ ಬಾಷ್ ಅದರ ಹಿಂದೆ ಇತ್ತು. 2008ರಲ್ಲಿ ಮೈಕೋ ಅನ್ನೋ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯ್ತು. ಈ ಬಾಷ್ ಹೆಸರು ನೆನಪಿಟ್ಕೊಳ್ರಿ, ಮತ್ತೆ ಬರುತ್ತೆ.

ಆ ಕಾಲದ ವಿದ್ಯೆಯಲ್ಲಿ ಒಂದು ಒಳ್ಳೇ ಗುಣ ಇತ್ತು. ಮಿಸ್ತ್ರಿ ಲಕ್ಷಣದಿಂದ ಕಾರಣಕ್ಕೆ ಹೋಗ್ತಿದ್ದ. "ತಣ್ಣಗಿದ್ದಾಗ ಹಿಂಗ ಆಗ್ತೈತೇನು, ಬಿಸಿ ಆದಮ್ಯಾಲೆ ಆಗ್ತೈತೇನು? ಏರಿ ಹತ್ತುವಾಗ ಎಳೀತೈತೇನು?" ಅಂತ ಕೇಳಿ, ಕೇಳಿ, ಆಮೇಲೆ ಸ್ಪ್ಯಾನರ್ ಹಿಡೀತಿದ್ದ. ಕೆಟ್ಟ ಗುಣಾನೂ ಇತ್ತು. ಹೊಗೆ ಎಷ್ಟು ವಿಷ ಅಂತ ಯಾವ ಕಿವಿಗೂ ಕೇಳಿಸ್ತಿರಲಿಲ್ಲ.

ಲಾಸ್ ಏಂಜಲೀಸಿನ ಹೊಗೆ

ಆ ವಿಷ ಮೊದಲು ಕಣ್ಣಿಗೆ ಚುಚ್ಚಿದ್ದು ಅಮೆರಿಕದ ಲಾಸ್ ಏಂಜಲೀಸಲ್ಲಿ. 1940ರ ದಶಕದಲ್ಲಿ ಆ ಊರಿನ ಮೇಲೆ ಕಂದು ಬಣ್ಣದ ಮಬ್ಬು ಕೂರೋಕೆ ಶುರುವಾಯ್ತು. ಜನರ ಕಣ್ಣುರಿ, ಗಂಟಲು ಕೆರೆತ. ಕಾರ್ಖಾನೆಗಳದ್ದೇ ತಪ್ಪು ಅಂತ ಎಲ್ಲರೂ ಅಂದುಕೊಂಡ್ರು. 1950ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್ ಬೇರೆ ಉತ್ತರ ಕೊಟ್ಟರು. ಕಾರಿನ ಹೊಗೆ ಮತ್ತು ಬಿಸಿಲು ಸೇರಿ ಈ ಮಬ್ಬು ಹುಟ್ಟುತ್ತೆ ಅಂತ ತೋರಿಸಿದ್ರು. 1967ರಲ್ಲಿ ಕ್ಯಾಲಿಫೋರ್ನಿಯಾ ಗಾಳಿಗೆ ಅಂತಲೇ ಒಂದು ಮಂಡಳಿ ಮಾಡಿತು, ಅವರೇ ಅದರ ಮೊದಲ ಅಧ್ಯಕ್ಷರಾದ್ರು.

1970ರಲ್ಲಿ ಅಮೆರಿಕದ ಕ್ಲೀನ್ ಏರ್ ಆಕ್ಟ್ ಬಂತು. ಹೊಸ ಕಾರುಗಳ ವಿಷಾನಿಲವನ್ನ ಕೆಲವೇ ವರ್ಷದಲ್ಲಿ ಶೇಕಡಾ 90 ಇಳಿಸ್ರಿ ಅಂತ ಕಾನೂನು ಹೇಳಿತು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಆಗೋ ಕೆಲಸ ಅಲ್ಲ ಅದು. ಸೈಲೆನ್ಸರ್ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಮೂರು ಥರದ ವಿಷವನ್ನ ಒಟ್ಟಿಗೆ ಇಳಿಸೋ ಕನ್ವರ್ಟರಿಗೆ ಒಂದು ಹಟ ಇದೆ. ಒಂದು ಕೆಜಿ ಪೆಟ್ರೋಲಿಗೆ ಹೆಚ್ಚು ಕಡಿಮೆ 14.7 ಕೆಜಿ ಗಾಳಿ ಇರಬೇಕು. ಸ್ವಲ್ಪ ಆಚೆ ಈಚೆ ಆದ್ರೂ ಅದು ಸರಿಯಾಗಿ ಕೆಲಸ ಮಾಡಲ್ಲ.

ಈ ಲೆಕ್ಕವನ್ನ ಸೆಕೆಂಡ್ ಸೆಕೆಂಡಿಗೂ ಯಾರು ನೋಡ್ಕೋಬೇಕು? ಅಲ್ಲಿ ಬಂತು ಬಾಷ್. 1967ರಲ್ಲೇ ಅವರ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತ್ತು, ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ ಅಳೆಯೋ ಸೆನ್ಸರ್ ಜೊತೆಗೆ. 1976ರಲ್ಲಿ ಅವರ ಲ್ಯಾಂಬ್ಡಾ ಸೆನ್ಸರ್, ಅಂದ್ರೆ ಆಕ್ಸಿಜನ್ ಸೆನ್ಸರ್, ವೋಲ್ವೋ ಕಾರಿಗೆ ಬಂತು. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡಿ, ಎಂಜಿನ್ ಕಂಪ್ಯೂಟರಿಗೆ, ಅಂದ್ರೆ ಇಸಿಎಂಗೆ, ಅದು ವರದಿ ಕೊಡುತ್ತೆ. ಪೆಟ್ರೋಲ್ ಸ್ವಲ್ಪ ಕಡಿಮೆ ಮಾಡು, ಸ್ವಲ್ಪ ಜಾಸ್ತಿ ಮಾಡು.

ಈಗ ಸರ್ಕಾರಕ್ಕೆ ಇನ್ನೊಂದು ಚಿಂತೆ. ಶೋರೂಮಿಂದ ಹೊರಬಂದಾಗ ಕಾರು ಶುದ್ಧ. ಎರಡು ವರ್ಷ ಬಿಟ್ಟು ಸೆನ್ಸರ್ ಸತ್ತರೆ? ಕಾರು ಓಡ್ತಾನೇ ಇರುತ್ತೆ, ವಿಷ ಉಗುಳ್ತಾನೇ ಇರುತ್ತೆ, ಓನರಿಗೆ ಗೊತ್ತೇ ಆಗಲ್ಲ. ಹಂಗಾಗಿ ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಒಂದು ನಿಯಮ ತಂತು. ಕಾರು ತನ್ನ ಮೇಲೆ ತಾನೇ ಕಣ್ಣಿಡಬೇಕು, ತಪ್ಪಾದ್ರೆ ಲೈಟ್ ಹಚ್ಚಬೇಕು. ಇದೇ ಒಬಿಡಿ, ಆನ್ ಬೋರ್ಡ್ ಡಯಾಗ್ನೋಸ್ಟಿಕ್ಸ್. 1996ರಿಂದ ಅಮೆರಿಕದಲ್ಲಿ ಮಾರೋ ಎಲ್ಲಾ ಹೊಸ ಕಾರುಗಳಿಗೂ ಒಬಿಡಿ 2 ಕಡ್ಡಾಯ ಆಯ್ತು. 16 ಪಿನ್ನಿನ ಒಂದೇ ಥರದ ಸಾಕೆಟ್, ಒಂದೇ ಥರದ ಕೋಡ್. 2001ರಲ್ಲಿ ಯುರೋಪಿನ ಪೆಟ್ರೋಲ್ ಕಾರುಗಳಿಗೂ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಈ ಲೈಟಿನ ಕೆಲಸ "ನಿಮ್ಮ ಕಾರಿನ ರೋಗ ಇದು" ಅಂತ ಹೇಳೋದಲ್ಲ. "ಈ ಕಾರು ಗಾಳಿ ಕೆಡಿಸ್ತಿರಬಹುದು, ಈ ಭಾಗದ ಲೆಕ್ಕ ಹೊಂದ್ತಿಲ್ಲ" ಅಂತ ದೂರು ಕೊಡೋದು. ದೂರು ಬೇರೆ, ತೀರ್ಪು ಬೇರೆ.

ದೆಹಲಿ, ಸೊಲ್ಲಾಪುರ, ಆಮೇಲೆ ಬಾಗಲಕೋಟೆ

ನಮ್ಮ ದೇಶಕ್ಕೆ ಈ ಸೆನ್ಸರುಗಳು ಬಂದದ್ದೂ ಮಾರ್ಕೆಟ್ಟಿನಿಂದಲ್ಲ, ಕೋರ್ಟಿನಿಂದ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸ ಇಲ್ಲದ ಪೆಟ್ರೋಲ್ ಬಂತು. ಸೀಸ ಇದ್ರೆ ಕನ್ವರ್ಟರ್ ಹಾಳಾಗುತ್ತೆ. 1999ರಲ್ಲಿ ಎಂ.ಸಿ. ಮೆಹ್ತಾ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಭಾಗಕ್ಕೆ ಕಟ್ಟುನಿಟ್ಟಾಗಿ ಹೇಳಿತು: ಆ ಜೂನಿಂದ ಯುರೋ 1, 2000ದ ಏಪ್ರಿಲಿಂದ ಯುರೋ 2. ಆ ಹೊತ್ತಿಗೇ ಮಾರುತಿ 800 ಹಿಂದೆ ಎಂಪಿಎಫ್‌ಐ ಅನ್ನೋ ಸ್ಟಿಕರ್ ಬಂದದ್ದು. ಕಾರ್ಬ್ಯುರೇಟರ್ ಜಾಗಕ್ಕೆ ಇಂಜೆಕ್ಟರು, ಇಸಿಎಂ, ಸೆನ್ಸರು.

ಮುಂದಿನ ಮೆಟ್ಟಿಲು ನಮಗೆ ಇನ್ನೂ ಹತ್ತಿರ. 2010ರ ಏಪ್ರಿಲಲ್ಲಿ ಬಿಎಸ್ 4 ನಿಯಮ ಮೊದಲು 13 ನಗರಗಳಿಗೆ ಅಂತ ಬಂತು. ದೆಹಲಿ, ಮುಂಬೈ, ಬೆಂಗಳೂರು ಇದ್ದವು ಅಂದ್ರೆ ಆಶ್ಚರ್ಯ ಇಲ್ಲ. ಆ ಪಟ್ಟಿಯಲ್ಲಿ ಸೊಲ್ಲಾಪುರಾನೂ ಇತ್ತು! ವಿಜಯಪುರ ದಾಟಿ ನೂರು ಕಿಲೋಮೀಟರ್ ಹೋದ್ರೆ ಸಿಗೋ ಸೊಲ್ಲಾಪುರ. ಮಾರುತಿ 800 ಆ 13 ನಗರಗಳಲ್ಲಿ ಮಾರಾಟ ನಿಲ್ಲಿಸಿತು, ಉಳಿದ ಕಡೆ ಮುಂದುವರೀತು. ಅಂದ್ರೆ ಸೊಲ್ಲಾಪುರಕ್ಕೆ ಹಳೇದಾದ ಕಾರು ಬಾಗಲಕೋಟೆಗೆ ಹೊಸದೇ. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತಿತು.

ಬಿಎಸ್ 4 ಕಾರುಗಳಿಗೆ 2013ರ ಏಪ್ರಿಲಿಂದ ಒಬಿಡಿ 2 ಕಡ್ಡಾಯ. ಇಡೀ ದೇಶಕ್ಕೆ ಬಿಎಸ್ 4 ಬಂದದ್ದು 2017ರ ಏಪ್ರಿಲ್ 1ಕ್ಕೆ. ಮೂರೇ ವರ್ಷಕ್ಕೆ, 2020ರ ಏಪ್ರಿಲ್ 1ಕ್ಕೆ, ಬಿಎಸ್ 6. ಈ ತಾರೀಖುಗಳನ್ನ ಒಬ್ಬ ಮಿಸ್ತ್ರಿಯ ಕಣ್ಣಿಂದ ನೋಡ್ರಿ. ಕ್ಯಾಲಿಫೋರ್ನಿಯಾದ ಮಿಸ್ತ್ರಿಗೆ ಕಾರ್ಬ್ಯುರೇಟರಿಂದ ಒಬಿಡಿ 2ಕ್ಕೆ ಬರೋಕೆ 20 ವರ್ಷ ಸಿಕ್ಕಿತು. ಹುನಗುಂದದ ಮಿಸ್ತ್ರಿಗೆ ಅಂಥ ಪುರಸೊತ್ತು ಸಿಗಲಿಲ್ಲ. ಅವನ ಗ್ಯಾರೇಜಿನಲ್ಲಿ ಒಂದೇ ದಿನ ಪಾಯಿಂಟ್ ಇರೋ ಹಳೇ ಜೀಪೂ ನಿಂತಿರುತ್ತೆ, ಬಿಎಸ್ 6 ಕಾರೂ ನಿಂತಿರುತ್ತೆ.

ಕೋಡ್ ಅಂದ್ರೆ ಏನು?

ಮೊದಮೊದಲು ಕೋಡ್ ಓದೋಕೆ ಸ್ಕ್ಯಾನರೇ ಬೇಕಿರಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ 1980ರ ದಶಕದಲ್ಲಿ ಸಾಕೆಟ್ಟಿನ ಎರಡು ಪಿನ್ನಿಗೆ ಒಂದು ವೈರಿನ ತುಂಡು ಚುಚ್ಚಿದ್ರೆ ಸಾಕಿತ್ತು. ಚೆಕ್ ಎಂಜಿನ್ ಲೈಟೇ ಮಿಣುಕಿ ಹೇಳ್ತಿತ್ತು. ಒಂದು ಸಲ ಮಿಣುಕಿ, ನಿಂತು, ಮತ್ತೆ ಮೂರು ಸಲ ಮಿಣುಕಿದ್ರೆ 13. ಅಂದ್ರೆ ಆಕ್ಸಿಜನ್ ಸೆನ್ಸರಿನ ಸರ್ಕ್ಯೂಟಲ್ಲಿ ತಕರಾರು.

"ಸರ್ಕ್ಯೂಟಲ್ಲಿ" ಅಂದೆ, ಗಮನಿಸಿದ್ರಾ? ಸೆನ್ಸರಲ್ಲಿ ಅಂತ ಅನ್ನಲಿಲ್ಲ.

ಇವತ್ತಿನ ಕೋಡ್ ಪಿ0118 ಥರ ಇರುತ್ತೆ. ಪಿ ಅಂದ್ರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದ್ದು. ಆಮೇಲಿನ ಸೊನ್ನೆ ಅಂದ್ರೆ ಎಲ್ಲಾ ಕಂಪನಿಗೂ ಒಂದೇ ಅರ್ಥ ಇರೋ ಕೋಡ್. ಮುಂದಿನ 1 ಅಂದ್ರೆ ಗಾಳಿ, ಇಂಧನದ ಲೆಕ್ಕ. ಕೊನೇ ಎರಡು ಅಂಕಿ ನಿರ್ದಿಷ್ಟ ದೂರು. ಪಿ0118ರ ಅರ್ಥ "ಕೂಲಂಟ್ ಉಷ್ಣತೆಯ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ". ಸರ್ಕ್ಯೂಟ್ ಅಂದ್ರೆ ಸೆನ್ಸರು, ಅದರ ಪ್ಲಗ್ಗು, ವೈರು, ಅರ್ಥಿಂಗು, ಇಸಿಎಂ ಎಲ್ಲಾ ಸೇರಿ. ಐದರಲ್ಲಿ ಒಂದು ಮಾತ್ರ ಸೆನ್ಸರ್.

ನಾನು ಬಿಕಾಂ ಓದಿದವನು, ನನಗೆ ಇದು ಟ್ರಯಲ್ ಬ್ಯಾಲೆನ್ಸ್ ಥರ ಕಾಣುತ್ತೆ. ಡೆಬಿಟ್ಟು, ಕ್ರೆಡಿಟ್ಟು ಟ್ಯಾಲಿ ಆಗದಿದ್ರೆ ಟ್ರಯಲ್ ಬ್ಯಾಲೆನ್ಸ್ ಕೂಗುತ್ತೆ. ಎಷ್ಟು ವ್ಯತ್ಯಾಸ ಅಂತಾನೂ ಹೇಳುತ್ತೆ. ಯಾವ ಎಂಟ್ರಿ ತಪ್ಪು ಅಂತ ಮಾತ್ರ ಹೇಳಲ್ಲ. ಅದಕ್ಕೆ ಲೆಡ್ಜರ್ ತೆಗೆದು ವೋಚರ್ ನೋಡಲೇಬೇಕು. ನೋಡದೇ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಎದ್ದು ಹೋಗೋರೂ ಇದ್ದಾರೆ. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಾಯಿಸೋದು ಅಂದ್ರೆ ಅದೇ. ವ್ಯತ್ಯಾಸ ಹೋಗಲ್ಲ, ಮುಂದಿನ ತಿಂಗಳಿಗೆ ಹೋಗುತ್ತೆ.

ನಮ್ಮ ನಾಲ್ಕು ಊರು, ನಾಲ್ಕು ಸೆನ್ಸರ್

ಈಗ ಇದನ್ನ ನಮ್ಮ ನೆಲಕ್ಕೆ ಇಳಿಸೋಣ. ಮುಂದೆ ಹೇಳೋವು ಇಂಥವರ ಕಾರಿಗೆ ಹಿಂಗಾಯ್ತು ಅನ್ನೋ ಕಥೆಗಳಲ್ಲ. ನಮ್ಮ ಹವೆ, ಧೂಳು, ರಸ್ತೆಯಲ್ಲಿ ಯಾವ ಸೆನ್ಸರಿಗೆ ಏನಾಗಬಹುದು ಅನ್ನೋ ಲೆಕ್ಕ.

ಮೊದಲು ಬಾದಾಮಿ. ಗುಹೆ ನೋಡಿ, ಪಟ್ಟದಕಲ್ಲು, ಐಹೊಳೆಗೆ ಹೋಗೋ ಬಾಡಿಗೆ ಕಾರು. ಏಪ್ರಿಲ್ ಬಿಸಿಲು. ಕಾರು ಕಪ್ಪು ಹೊಗೆ ಬಿಡ್ತಿದೆ, ಮೈಲೇಜ್ ಬಿದ್ದಿದೆ, ರೇಡಿಯೇಟರ್ ಫ್ಯಾನ್ ನಿಲ್ತಾನೇ ಇಲ್ಲ. ಸ್ಕ್ಯಾನರ್ ಹಚ್ಚಿದ್ರೆ ಪಿ0118. ಕೋಡ್ ನೋಡಿ ಅಲ್ಲಿಗೇ ನಿಲ್ಲಬ್ಯಾಡ್ರಿ. ಲೈವ್ ಡೇಟಾ ತೆಗೀರಿ. ಕೂಲಂಟ್ ಉಷ್ಣತೆ ಮೈನಸ್ 40 ಡಿಗ್ರಿ ಅಂತ ತೋರಿಸ್ತಿದೆ. ಬಾದಾಮಿಯ ಏಪ್ರಿಲಲ್ಲಿ ಮೈನಸ್ 40!

ಇದರ ಹಿಂದಿನ ಕೆಲಸ ಸರಳ. ಆ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟನ್ಸ್ ಇಳಿಯುತ್ತೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ವೈರ್ ತುಂಡಾದ್ರೆ ರೆಸಿಸ್ಟನ್ಸ್ ಅನಂತ. ಇಸಿಎಂ ಅದನ್ನ "ಭಯಂಕರ ಚಳಿ" ಅಂತ ಓದಿ ಪೆಟ್ರೋಲ್ ಜಾಸ್ತಿ ಸುರೀಬಹುದು.

ಪರೀಕ್ಷೆಗೆ ಒಂದು ವೈರಿನ ತುಂಡು ಸಾಕು. ಎರಡೇ ಪಿನ್ನಿನ ಸೆನ್ಸರ್ ಆಗಿದ್ರೆ ಅದರ ಪ್ಲಗ್ ಬಿಚ್ಚಿ, ವೈರ್ ಕಡೆಯ ಎರಡು ಪಿನ್ ಸೇರಿಸ್ರಿ. ಪರದೆ ಮೇಲೆ ಉಷ್ಣತೆ ನೂರು ದಾಟಿ ಮೇಲಕ್ಕೆ ಜಿಗಿದ್ರೆ ವೈರೂ ಸರಿ, ಇಸಿಎಂ ಕೂಡ ಸರಿ, ಸೆನ್ಸರ್ರೇ ಹೋಗಿದೆ. ಮೈನಸ್ 40ರಲ್ಲೇ ನಿಂತ್ರೆ? ತಕರಾರು ವೈರಲ್ಲಿ, ಇಲ್ಲಾ ಇಸಿಎಂನಲ್ಲಿ. ನಮ್ಮ ಕಡೆ ಇಲಿ ಕಡಿದ ವೈರಿಗೆ ಬರಗಾಲ ಇಲ್ಲ. ಹೊಲದ ಮನೆ ಮುಂದೆ ನಾಲ್ಕು ದಿನ ನಿಂತ ಕಾರಿನ ಬಾನೆಟ್ ಎತ್ತಿದವರಿಗೆ ಗೊತ್ತು. ಆಗ ಹೊಸ ಸೆನ್ಸರ್ ಹಾಕಿದ್ರೆ ಆ ದುಡ್ಡು ಇಲಿಗೆ ಕಾಣಿಕೆ.

ಎರಡನೇದು ಇಳಕಲ್. ಹೊರಗಿನವರಿಗೆ ಇಳಕಲ್ ಅಂದ್ರೆ ಸೀರೆ. ಇಲ್ಲಿನವರಿಗೆ ಗ್ರಾನೈಟೂ ಹೌದು. ಕೆಂಪು, ಗುಲಾಬಿ ಕಲ್ಲಿನ ಕ್ವಾರಿ, ಕಲ್ಲು ಕೊಯ್ಯೋ ಫ್ಯಾಕ್ಟರಿ, ಲಾರಿ ಹೋದ ಮೇಲೆ ನಿಲ್ಲೋ ಧೂಳು. ಬಹಳಷ್ಟು ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಏರ್ ಫಿಲ್ಟರ್ ದಾಟಿದ ಕೂಡಲೇ ಮಾಸ್ ಏರ್ ಫ್ಲೋ ಸೆನ್ಸರ್ ಇರುತ್ತೆ. ಅದರೊಳಗೆ ಬಿಸಿ ಮಾಡಿದ ಕೂದಲೆಳೆಯಂಥ ತಂತಿ, ಇಲ್ಲಾ ತೆಳು ಪಟ್ಟಿ. ಗಾಳಿ ಹಾದು ಹೋದಂಗೆ ಅದು ತಣ್ಣಗಾಗುತ್ತೆ. ಮತ್ತೆ ಬಿಸಿ ಇಡೋಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದರಿಂದ ಎಷ್ಟು ಗಾಳಿ ಬಂತು ಅಂತ ಲೆಕ್ಕ.

ಈ ತಂತಿ ಮೇಲೆ ಧೂಳು ಕೂತ್ರೆ ಅದಕ್ಕೆ ಕಂಬಳಿ ಹೊದಿಸಿದಂಗೆ. ಗಾಳಿ ಎಷ್ಟು ಬಂದ್ರೂ ಸರಿಯಾಗಿ ತಣ್ಣಗಾಗಲ್ಲ. ಇಸಿಎಂ "ಗಾಳಿ ಕಡಿಮೆ" ಅಂದುಕೊಂಡು ಡೀಸೆಲ್ ಕಡಿಮೆ ಕೊಡುತ್ತೆ. ಪಿಕಪ್ ಹೋಯ್ತು. ಕೋಡ್ ಪಿ0101 ಬರಬಹುದು. ಇಲ್ಲಿ ಸೆನ್ಸರ್ ಸತ್ತಿಲ್ಲ, ಅದಕ್ಕೆ ಮಣ್ಣು ಮೆತ್ತಿದೆ. ಇದೇ ಕೆಲಸಕ್ಕೆ ಅಂತ ಸ್ಪ್ರೇ ಸಿಗುತ್ತೆ. ಅದನ್ನ ಹೊಡೆದು ಆರೋಕೆ ಬಿಟ್ರೆ ಬಹಳ ಸಲ ಸರಿಹೋಗುತ್ತೆ. ಬಟ್ಟೆಯಿಂದ ಒರೆಸಿದ್ರೆ ತಂತಿ ಹೋಯ್ತು ಅಂತಲೇ ತಿಳ್ಕೊಳ್ರಿ. ಧೂಳು ಒಳಗೆ ಹೆಂಗ ಬಂತು ಅನ್ನೋದು ಇನ್ನೂ ಮುಖ್ಯ ಪ್ರಶ್ನೆ. ಫಿಲ್ಟರ್ ಹರಿದಿದೆಯಾ? ಫಿಲ್ಟರ್ ಬಾಕ್ಸಿನ ಕ್ಲಿಪ್ ಸಡಿಲ ಇದೆಯಾ? ಅದನ್ನ ಬಿಟ್ರೆ ಹೊಸ ಸೆನ್ಸರಿಗೂ ಇದೇ ಗತಿ. ಸಣ್ಣ ಪೆಟ್ರೋಲ್ ಕಾರು ಬಹಳಷ್ಟರಲ್ಲಿ ಈ ಸೆನ್ಸರ್ ಇರಲ್ಲ, ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರುತ್ತೆ. ಇಲ್ಲದ ಸೆನ್ಸರ್ ಬದಲಾಯಿಸಿದ ಬಿಲ್ ತಗೋಬ್ಯಾಡ್ರಿ!

ಮೂರನೇದು ಹುನಗುಂದ. ವಿಜಯಪುರ, ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50. ಗಾಡಿ ಎರಡು ತಾಸು ಚೆಂದ ಓಡ್ತು, ಒಮ್ಮೆಲೇ ಬಂದ್ ಬಿತ್ತು. ಎಷ್ಟು ಸೆಲ್ಫ್ ಹೊಡೆದ್ರೂ ಚಾಲೂ ಆಗಲ್ಲ. ಧಾಬಾದಲ್ಲಿ ಚಾ ಕುಡಿದು ಅರ್ಧ ತಾಸು ಬಿಟ್ಟು ಬಂದ್ರೆ ಏನೂ ಆಗಿಲ್ಲ ಅನ್ನೋ ಹಂಗೆ ಚಾಲೂ. ಕೆಲವು ಸಲ ಕೋಡೂ ಇರಲ್ಲ. ಇಂಥಲ್ಲಿ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ತಿರುಗ್ತಿದೆ ಅಂತ ಇಸಿಎಂಗೆ ಹೇಳೋದು ಅದೇ. ಅದು ಸುಮ್ಮನಾದ್ರೆ ಇಂಜೆಕ್ಷನ್ನೂ ಇಲ್ಲ, ಸ್ಪಾರ್ಕೂ ಇಲ್ಲ. ಒಳಗಿನ ಸುರುಳಿಯಲ್ಲಿ ಸಣ್ಣ ಬಿರುಕಿದ್ರೆ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತೆ, ತಣ್ಣಗಾದ್ರೆ ಕೂಡುತ್ತೆ. ಗಾಡಿ ಬಂದ್ ಬಿದ್ದಾಗಲೇ ಸ್ಕ್ಯಾನರಲ್ಲಿ ಆರ್‌ಪಿಎಂ ನೋಡ್ತಾ ಸೆಲ್ಫ್ ಹೊಡೀಬೇಕು. ಎಂಜಿನ್ ತಿರುಗ್ತಿದ್ರೂ ಆರ್‌ಪಿಎಂ ಸೊನ್ನೆ ಇದ್ರೆ ಆ ಸೆನ್ಸರು, ಅದರ ವೈರು ಎರಡನ್ನೂ ನೋಡ್ರಿ. ತಣ್ಣಗಾದ ಮೇಲೆ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ.

ಇಲ್ಲಿ ಗಮನಿಸ್ರಿ. "ತಣ್ಣಗಿದ್ದಾಗ ಏನಾಗ್ತೈತಿ, ಬಿಸಿ ಆದಮ್ಯಾಲೆ ಏನಾಗ್ತೈತಿ?" ಹಳೇ ಮಿಸ್ತ್ರಿಯ ಅದೇ ಪ್ರಶ್ನೆ. ಸ್ಕ್ಯಾನರ್ ಬಂದ್ರೂ ಆ ಪ್ರಶ್ನೆ ರಿಟೈರ್ ಆಗಿಲ್ಲ.

ನಾಲ್ಕನೇದು ನಮ್ಮ ಬಾಗಲಕೋಟೆ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬರೀ ಸಕ್ಕರೆ ಆಗಿ ಉಳಿದಿಲ್ಲ. ಕಬ್ಬಿನಿಂದ ಎಥನಾಲ್, ಎಥನಾಲ್ ಪೆಟ್ರೋಲಿಗೆ. ಶೇಕಡಾ 20 ಎಥನಾಲ್ ಇರೋ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಒಳಗೇ ಆಕ್ಸಿಜನ್ ಇದೆ. ಹಂಗಾಗಿ 14.7 ಅನ್ನೋ ಆ ಲೆಕ್ಕ ಇ20ಗೆ ಸುಮಾರು 13.5 ಆಗುತ್ತೆ. ಆಕ್ಸಿಜನ್ ಸೆನ್ಸರ್ ಇದನ್ನ ಗುರುತಿಸಿ "ಇಂಧನ ಸ್ವಲ್ಪ ಜಾಸ್ತಿ ಕೊಡು" ಅನ್ನುತ್ತೆ. ಇಸಿಎಂ ಕೊಡುತ್ತೆ. ಈ ಹೊಂದಾಣಿಕೆಗೆ ಫ್ಯೂಯಲ್ ಟ್ರಿಮ್ ಅಂತ ಹೆಸರು.

ಹಳೇ ಕಾರಲ್ಲಿ ಇದರ ಜೊತೆಗೆ ಎಲ್ಲೋ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಹೋಗ್ತಿದ್ರೆ? ಟ್ರಿಮ್ ಏರಿ ಏರಿ ಶೇಕಡಾ 20, 25ರ ಹತ್ತಿರ ಹೋಗುತ್ತೆ. ಇಸಿಎಂ ಕೈಚೆಲ್ಲಿ ಪಿ0171 ಹಾಕುತ್ತೆ. ಅರ್ಥ, "ಗಾಳಿ ಜಾಸ್ತಿ, ಇಂಧನ ಕಡಿಮೆ". ಇಲ್ಲಿ ಬಹಳ ಜನ ಆಕ್ಸಿಜನ್ ಸೆನ್ಸರ್ ಬದಲಾಯಿಸ್ತಾರೆ. ಪಾಪ, ಆ ಸೆನ್ಸರ್ ನಿಜಾನೇ ಹೇಳ್ತಿದೆ! ಸುದ್ದಿ ತಂದವನನ್ನೇ ಹೊಡೆದಂಗೆ. ಅದು ಬದುಕಿದೆಯಾ ನೋಡೋಕೆ ವೋಲ್ಟೇಜ್ ನೋಡ್ರಿ. ಹಳೇ ಮಾದರಿಯ ಸೆನ್ಸರ್ ಆದ್ರೆ ಬಿಸಿ ಎಂಜಿನ್ನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಏರ್ತಾ ಇಳೀತಾ ಇರಬೇಕು. ಕೆಳಗೇ ನಿಂತಿದ್ರೆ, ಇಂಧನ ಬೇಕಂತಲೇ ಜಾಸ್ತಿ ಕೊಟ್ಟಾಗ ಮೇಲೇರುತ್ತಾ ಅಂತ ನೋಡಬೇಕು. ಏರಿದ್ರೆ ಸೆನ್ಸರ್ ಜೀವಂತ. ಪೈಪಿನ ಬಿರುಕು ಹುಡುಕ್ರಿ, ಫ್ಯೂಯಲ್ ಪಂಪಿನ ಒತ್ತಡ ನೋಡ್ರಿ, ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪ್ ಒಡೆದಿದೆಯಾ ನೋಡ್ರಿ.

ಓದೋ ಹಕ್ಕು ಯಾರದು?

ಇಷ್ಟೆಲ್ಲ ಮಾಡೋಕೆ ಮಿಸ್ತ್ರಿ ಕೈಯಲ್ಲಿ ಸ್ಕ್ಯಾನರ್ ಬೇಕು, ವೈರಿಂಗ್ ನಕ್ಷೆ ಬೇಕು. ಅವು ಯಾರ ಹತ್ತಿರ ಇದ್ವು?

2011ರಲ್ಲಿ ಶಂಶೇರ್ ಕಟಾರಿಯಾ ಅನ್ನೋರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಬಿಡಿಭಾಗ, ಪರೀಕ್ಷಾ ಉಪಕರಣ, ರಿಪೇರಿ ಮಾಹಿತಿ ಎಲ್ಲವನ್ನೂ ತಮ್ಮ ಡೀಲರುಗಳಲ್ಲೇ ಇಟ್ಕೊಂಡು ಹೊರಗಿನ ಗ್ಯಾರೇಜುಗಳಿಗೆ ಬಾಗಿಲು ಹಾಕಿವೆ ಅಂತ. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಸ್ವತಂತ್ರ ಗ್ಯಾರೇಜುಗಳಿಗೂ ಬಿಡಿಭಾಗ, ಉಪಕರಣ ಸಿಗಬೇಕು ಅಂತ ಆದೇಶ ಕೊಟ್ಟಿತು. ಕಂಪನಿಗಳು ಮೇಲ್ಮನವಿಗೆ ಹೋದವು. ದಂಡದ ಜಗಳ ಕೋರ್ಟುಗಳಲ್ಲಿ ನಡೀತು. ಆದ್ರೆ ಒಂದು ಮಾತು ದಾಖಲೆಗೆ ಬಂತು: ರಿಪೇರಿಯ ಮಾಹಿತಿ ಬಚ್ಚಿಡೋದೂ ಮಾರ್ಕೆಟ್ಟಿಗೆ ಬೀಗ ಹಾಕಿದಂಗೆ. 2022ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳೂ ಸೇರಿದ್ವು.

ಆ ಹೊತ್ತಿಗೆ ಇನ್ನೊಂದು ಬಾಗಿಲು ತಾನಾಗೇ ತೆಗೆದಿತ್ತು. ಕೆನಡಾದ ಒಂದು ಸಣ್ಣ ಕಂಪನಿ 2005ರಲ್ಲಿ ಇಎಲ್‌ಎಂ 327 ಅನ್ನೋ ಚಿಪ್ ತಂತು. ಅದರ ಮೊದಲ ಆವೃತ್ತಿಗೆ ನಕಲು ತಡೆ ಇರಲಿಲ್ಲ. ನಕಲುಗಳು ಜಗತ್ತೆಲ್ಲ ಹರಡಿದ್ವು. ಇವತ್ತು ನಿಮ್ಮ ಫೋನಿಗೆ ಬ್ಲೂಟೂತಲ್ಲಿ ಕೂಡೋ, ಕೆಲವು ನೂರು ರೂಪಾಯಿಯ ಒಬಿಡಿ ಡಬ್ಬಿ ಇದೆಯಲ್ಲ, ಅದರ ಮನೆತನ ಇದೇ.

ಅಂದ್ರೆ ಕೋಡ್ ಓದೋದು ಈಗ ಅಗ್ಗ. ದುಬಾರಿ ಆಗಿರೋದು ಕೋಡ್ ಆದ ಮೇಲಿನ ಅರ್ಧ ತಾಸು. ಮಲ್ಟಿಮೀಟರ್ ಹಿಡಿದು ವೈರ್ ಹಿಂದೆ ಹೋಗೋ ಅರ್ಧ ತಾಸು. ಆ ಅರ್ಧ ತಾಸಿಗೆ ನಾವು ಗಿರಾಕಿಗಳು ದುಡ್ಡು ಕೊಡೋಕೆ ಹಿಂದೆ ಮುಂದೆ ನೋಡ್ತೀವಿ, ಸೆನ್ಸರಿಗೆ ಮಾತ್ರ ಎಣಿಸಿ ಕೊಡ್ತೀವಿ. ವಸ್ತು ಕೈಗೆ ಸಿಗುತ್ತಲ್ಲ! ಮಿಸ್ತ್ರಿಗೂ ಅದೇ ಲಾಭ ಅನ್ನಿಸುತ್ತೆ. ಹಿಂಗೇ ಹೋದ್ರೆ ಪರೀಕ್ಷೆ ಮಾಡೋ ವಿದ್ಯೆ ಸಾಯುತ್ತೆ, ಪಾರ್ಟ್ ಬದಲಾಯಿಸೋದಷ್ಟೇ ಉಳಿಯುತ್ತೆ. ಹಂಗಾಗಿ ನನ್ನ ಮಾತು ಇಷ್ಟೇ: ಪರೀಕ್ಷೆಗೂ ಕೂಲಿ ಇದೆ, ಅದನ್ನ ಕೊಡ್ರಿ.

ಮುಂದಿನ ಸಲ ಗ್ಯಾರೇಜಲ್ಲಿ ಕೇಳೋಕೆ ಮೂರು ಪ್ರಶ್ನೆ ಬರೆದುಕೊಳ್ರಿ. ಒಂದು, "ಕೋಡ್ ನಂಬರ್ ಏನ್ರಿ?" ಫೋಟೋ ತೆಗೆದಿಟ್ಕೊಳ್ರಿ, ಕೋಡ್ ಅಳಿಸೋಕಿಂತ ಮುಂಚೆ. ಬ್ಯಾಟರಿ ಬಿಚ್ಚಿ ಲೈಟ್ ಆರಿಸಿದ್ರೆ ಬಹಳ ಸಲ ಸಾಕ್ಷಿನೂ ಹೋಗುತ್ತೆ. ಎರಡು, "ಲೈವ್ ಡೇಟಾ ಏನ್ ತೋರಿಸ್ತೈತಿ?" ಮೂರು, "ಸೆನ್ಸರ್ ತೆಗೆಯೋ ಮುಂಚೆ ಅಣ್ಣಾ, ವೈರೂ ಪ್ಲಗ್ಗೂ ಚೆಕ್ ಮಾಡಿದ್ರೇನು?" ಇದನ್ನ ಜಗಳದ ದನಿಯಲ್ಲಿ ಕೇಳಬ್ಯಾಡ್ರಿ. ಒಳ್ಳೇ ಮಿಸ್ತ್ರಿಗೆ ಈ ಪ್ರಶ್ನೆ ಖುಷಿನೇ ಕೊಡುತ್ತೆ.

ಇನ್ನೊಂದು ಮಾತು. ಆ ಹಳದಿ ಲೈಟ್ ಸುಮ್ಮನೆ ಹತ್ತಿ ನಿಂತಿದ್ರೆ, ಟೆಂಪರೇಚರ್, ಆಯಿಲ್ ಎರಡೂ ಸರಿ ಇದ್ರೆ, ನಿಧಾನಕ್ಕೆ ಗ್ಯಾರೇಜ್ ಮುಟ್ಟಬಹುದು. ಮಿಣುಕ್ತಾ ಇದ್ರೆ ಹಂಗಲ್ಲ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೀತಿದೆ, ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನ ಸುಡ್ತಿರಬಹುದು. ಆಗ ರಸ್ತೆ ಪಕ್ಕ ಹಾಕಿ ಬಂದ್ ಮಾಡ್ರಿ. ಸೆನ್ಸರಿಗಿಂತ ಕನ್ವರ್ಟರ್ ಬಹಳ ದುಬಾರಿ.

ನಿಮ್ಮ ಊರಿನ ಗ್ಯಾರೇಜಲ್ಲಿ ಪಾರ್ಟ್ ಬದಲಾಯಿಸದೇ ವೈರ್ ಹುಡುಕಿ ಸರಿ ಮಾಡಿಕೊಟ್ಟ ಮಿಸ್ತ್ರಿ ಇದ್ರೆ, ಆ ಕಥೆಯನ್ನ ವಾಯ್ಸ್ ನೋಟ್ ಮಾಡಿ ಕಳಿಸ್ರಿ. ಅಂಥ ಕೈಕೆಲಸದ ಇತಿಹಾಸವನ್ನ ಯಾರೂ ಶಾಸನ ಕೆತ್ತಿ ಇಟ್ಟಿಲ್ಲ. ನಾವೇ ದಾಖಲಿಸಬೇಕು.